ಕೈಗುಣ

2008 ಆಗಸ್ಟ್ 17, ಭಾನುವಾರ

ಅಮೆರಿಕದ ಪಿಸ್ಕಾಟವೇಗೆ ಬಂದು ಇವತ್ತಿಗೆ ಒಂದು ವಾರ. ಬರೆಯಲು ಈಗ ಧೈರ್ಯ ಬಂದಿದೆ. ಉಝ್ಮಾ ಆಪಾಗೆ ಕನ್ನಡ ಮಾತಾಡಲು ಬರುತ್ತದೆ, ಓದಲು ಬರುವುದಿಲ್ಲ ಎಂದು ನಿನ್ನೆ ಖಾತ್ರಿಯಾಯಿತು. ರಾಗಿಹಿಟ್ಟಿನ ಚೀಲದ ಮೇಲಿದ್ದದ್ದನ್ನು ನನ್ನ ಕೈಲಿ ಓದಿಸಿದರು. ಅವರನ್ನು ಓದಿಸಿದ ಮೈಸೂರಿನ ಕಾನ್ವೆಂಟು ನೂರು ಕಾಲ ಬಾಳಲಿ. ಇಲ್ಲಿ ಮನೆಮಾತು ಉರ್ದು, ನಡುನಡುವೆ ಇಂಗ್ಲಿಷು. ಈ ಪುಸ್ತಕದೊಳಗೆ ಮಾತ್ರ ಎಲ್ಲರೂ ಕನ್ನಡ ಮಾತಾಡಬೇಕು. ಇದು ನನ್ನ ಹುಕುಂ.

ನನ್ನನ್ನು ಇಲ್ಲಿಗೆ ತಂದದ್ದು ನನ್ನ ಕೈಗುಣವಂತೆ. ಉಝ್ಮಾ ಆಪಾರ ತಾಯಿ ನನ್ನ ಅಮ್ಮಿಗೆ ದೂರದ ಅಕ್ಕ, ನನಗೆ ಖಾಲಾ. ಮೇ ತಿಂಗಳಲ್ಲಿ ಚನ್ನಪಟ್ಟಣಕ್ಕೆ ಬಂದಿದ್ದಾಗ, ಊಟವೆಂದರೆ ಊರು ಬಿಟ್ಟು ಓಡುವ ಪಕ್ಕದ ಮನೆ ಮಗು ನನ್ನ ಕೈಯಲ್ಲಿ ತಟ್ಟೆ ಖಾಲಿ ಮಾಡಿದ್ದನ್ನು ನೋಡಿಬಿಟ್ಟರು. "ಇವಳ ಕೈಗುಣ ನೋಡೇ! ಒಂದು ವರ್ಷ ನನ್ನ ಮಗಳ ಹತ್ರ ಕಳಿಸು. ಮಗು ನೋಡ್ಕೊಳ್ಳಲಿ. ಮನೆಮಗಳ ಥರ ಇಟ್ಕೋತಾರೆ. ಅಲ್ಲೇ ಪಕ್ಕದಲ್ಲಿ ಯೂನಿವರ್ಸಿಟಿ ಇದೆ, ಇಂಗ್ಲಿಷ್ ಕ್ಲಾಸಿಗೆ ಹಾಕ್ತಾರೆ" ಎಂದರು. ನನಗೆ ಇಪ್ಪತ್ತೈದು, ಬಿ.ಎ. ಆಗಿದೆ. ತಂಗಿಯ ಮದುವೆ ನನಗಿಂತ ಮೊದಲೇ ಆಗಿದೆ. ಅಮ್ಮಿ ಎರಡನೇ ಸಲ ಯೋಚಿಸಲಿಲ್ಲ.

ವೀಸಾ ಕೊಡುವವರ ಮುಂದೆ "ಅಕ್ಕನನ್ನು ನೋಡಲು ಹೋಗುತ್ತೇನೆ" ಎಂದು ಹೇಳಿಸಿದರು. ಏರ್‌ಪೋರ್ಟಿನಲ್ಲಿ ಆರು ತಿಂಗಳಿಗೆ ಮುದ್ರೆ ಬಿತ್ತು. ಮನೆಗೆ ಬಂದ ಮೊದಲ ದಿನವೇ "ಕಳ್ಕೊಂಡುಬಿಟ್ಟೀಯ" ಎಂದು ಪಾಸ್‌ಪೋರ್ಟು ಆಪಾರ ಬೀರು ಸೇರಿತು.

ಆಪಾರ ಮಗುವಿಗೆ ಒಂಬತ್ತು ತಿಂಗಳು. ಹೆಸರು ಅಕ್ಸಾ. ನನ್ನನ್ನು ನೋಡಿದರೆ ಚೀರುತ್ತದೆ. ನನಗೂ ಅದರ ಮೇಲೆ ಏನೂ ಪ್ರೀತಿ ಉಕ್ಕಿ ಬಂದಿಲ್ಲ. ಅಬ್ಬಾ ಅದಕ್ಕೆಂದೇ ಒಂದು ಗಿಲಕಿ ಮಾಡಿ ಕಳಿಸಿದ್ದಾರೆ. ಹಾಲೆ ಮರದ್ದು, ಅರಗಿನ ಬಣ್ಣ, ಅರಿಶಿನದ ಹಳದಿ. ಆಪಾ "ಸೋ ಕ್ಯೂಟ್" ಎಂದು ಟಿ.ವಿ. ಪಕ್ಕ ಶೋಕಿಗೆ ಇಟ್ಟರು. ಅಬ್ಬಾ ಮೂರು ದಿನ ಕೂತು ತಾಳೆಗರಿಯಲ್ಲಿ ಉಜ್ಜಿ ಹೊಳಪು ಬರಿಸಿದ್ದು ಟಿ.ವಿ.ಗೆ ಆಡಲು.

ಆಗಸ್ಟ್ 31, ಭಾನುವಾರ

ಭಾನುವಾರವೆಂದರೆ ಕಂಪ್ಯೂಟರಿನಲ್ಲಿ ಖಾಲಾರ ದರ್ಬಾರು. ಮೈಸೂರಿನಿಂದ ಮುಖ ಮುಂದೆ ಚಾಚಿ, "ಮಗು ಕಣ್ಣು ಯಾಕೆ ಬೋಳಾಗಿದೆ? ಸುರ್ಮಾ ಎಲ್ಲಿ?" ಎಂದು ಗದರಿದರು. ಅವರು ಹಜ್‌ಗೆ ಹೋದಾಗ ಮದೀನಾದಿಂದ ತಂದ ಸುರ್ಮಾ, ನುಣ್ಣಗಿನ ಕಪ್ಪು ಪುಡಿ. ಕಡ್ಡಿ ಅದ್ದಿ ದಿನಾ ಬೆಳಿಗ್ಗೆ ಹಚ್ಚಬೇಕಂತೆ. ದೃಷ್ಟಿಯೂ ತಾಗುವುದಿಲ್ಲ, ಕಣ್ಣೂ ದೊಡ್ಡದಾಗುತ್ತದೆ. ಆಪಾ ಕೈಯಲ್ಲಿ ಆಗಲಿಲ್ಲ. ನನ್ನ ಕಡೆ ಬಾಟಲಿ ಚಾಚಿದರು.

ಮಗು ಕೈಕಾಲು ಬಡಿದು ಅತ್ತಿತು. ಅರ್ಧ ಸುರ್ಮಾ ಕೆನ್ನೆಗೆ. ಉಜ್ಜಿ, ಆಮೇಲೆ ಬೆರಳು ಬಾಯಿಗೆ. ಈ ಕೆಲಸ ನನಗೆ ಬೇಡವಾಗಿತ್ತು, ಹೇಳಿದೆ ಕೂಡ. "ಖಾಲಾ, ಮಗು ಅಳುತ್ತೆ, ಬಿಡೋಣ." ಖಾಲಾ "ನಿನ್ನ ಕೈಗುಣ ಇರೋದು ಯಾತಕ್ಕೆ?" ಎಂದರು.

ಸಂಜೆ ಆಪಾರ ಗಂಡ ಒವೈಸ್ ಭಾಯ್ ತಮ್ಮ ಸ್ನೇಹಿತರಿಗೆ ನನ್ನನ್ನು ತೋರಿಸಿ, "ಶಿ ಈಸ್ ಅವರ್ ಓ ಪೇರ್" ಎಂದರು. ಯಾವ ಜಾತಿಯ ಪೇರಲೆ ಹಣ್ಣೋ ಎಂದು ಡಿಕ್ಷನರಿ ತೆಗೆದೆ. ಫ್ರೆಂಚ್ ಮಾತಂತೆ. ಪರದೇಶದ ಮನೆಯಲ್ಲಿದ್ದು ಮಕ್ಕಳನ್ನು ನೋಡಿಕೊಳ್ಳುವ ಹುಡುಗಿ. ಮೂಲ ಅರ್ಥ 'ಸರಿಸಮ'. ಓದಿ ಬಹಳ ನಕ್ಕೆ. ಸರಿಸಮಳು ಆಮೇಲೆ ಹೋಗಿ ಸ್ನೇಹಿತರ ತಟ್ಟೆ ತೊಳೆದಳು.

ಸೆಪ್ಟೆಂಬರ್ 19, ಶುಕ್ರವಾರ

ಒವೈಸ್ ಭಾಯ್ ಮಧ್ಯಾಹ್ನದ ರೈಲಿಗೇ ನ್ಯೂಯಾರ್ಕಿನಿಂದ ಬಂದರು. ಕೈಯಲ್ಲಿ ಒಂದು ರಟ್ಟಿನ ಡಬ್ಬ. ಅದರಲ್ಲಿ ಅಕ್ಸಾಳ ಫೋಟೊ, ಒಂದು ಮಗ್ಗು, ಒಂದು ಜೊತೆ ಬೂಟು. ಅವರ ಬ್ಯಾಂಕು ಒಂದು ಇಡೀ ಮಹಡಿಯ ಜನರನ್ನು ಮನೆಗೆ ಕಳಿಸಿದೆಯಂತೆ. ರಂಜಾನಿನ ರೋಜಾ ಇದ್ದದ್ದರಿಂದ ನೀರು ಕೊಡಲೂ ಆಗಲಿಲ್ಲ. ಸೋಫಾದ ಮೇಲೆ ಬೂಟು ಕಳಚದೆ ಕೂತರು.

ಆಪಾ ಆಫೀಸಿನಿಂದ ಬಂದು ಎಲ್ಲ ಕೇಳಿ ಮೊದಲು ಹೇಳಿದ್ದು: "ರಝಿಯಾ, ಕ್ಲಾಸಿನ ವಿಷಯ ಈಗ ಎತ್ತಬೇಡ. ನಮ್ಮೆಲ್ಲರ ಗ್ರೀನ್ ಕಾರ್ಡು ಈಗ ನನ್ನೊಬ್ಬಳ ಕೆಲಸದ ಮೇಲೆ ನಿಂತಿದೆ." ನಾನು ಎತ್ತಿರಲೇ ಇಲ್ಲ. ಎತ್ತುವ ಮೊದಲೇ ಇಳಿಸಿದರು.

ಅಕ್ಟೋಬರ್ 1, ಬುಧವಾರ

ಈದ್. ಮಸೀದಿಯಿಂದ ಹೊರಗೆ ಬರುವಾಗ ಹೆಂಗಸರೆಲ್ಲ ಅಕ್ಸಾಳನ್ನು ಮುತ್ತಿಕೊಂಡರು. "ಏನ್ ಕಣ್ಣು! ಯಾರು ಹಚ್ಚಿದ್ದು?" ನಾನೇ ಎಂದೆ. ಈಗ ಕಡ್ಡಿ ಹಿಡಿದರೆ ಅವಳು ತಾನೇ ಮುಖ ಎತ್ತಿ ಕೊಡುತ್ತಾಳೆ, ಉಸಿರು ಬಿಗಿಹಿಡಿದು. ಒಂದು ಗೆರೆ ಆಚೀಚೆ ಆಗುವುದಿಲ್ಲ. ಆಪಾ ಎತ್ತಿಕೊಳ್ಳಲು ಕೈ ಚಾಚಿದರು. ಅವಳು ನನ್ನ ಕುತ್ತಿಗೆಗೆ ಅಂಟಿಕೊಂಡಳು. ಆಪಾರ ಮುಖ ಸಣ್ಣಗಾಯಿತು. ಪಾಪ ಅನ್ನಿಸಲಿಲ್ಲ.

ಗಿಲಕಿ ಈಗ ಟಿ.ವಿ. ಪಕ್ಕದಲ್ಲಿಲ್ಲ, ಅವಳ ಕೈಯಲ್ಲಿದೆ. ಹಲ್ಲು ಬರುತ್ತಿದೆ, ಕಚ್ಚಿ ಕಚ್ಚಿ ಹಳದಿಯೆಲ್ಲ ಗುರುತು. ಅಬ್ಬಾಗೆ ಬರೆಯಬೇಕು.

ನವೆಂಬರ್ 23, ಭಾನುವಾರ

ಬರೆಯದೆ ಎಷ್ಟು ದಿನವಾಯಿತು! ನನ್ನ ಬಂಗಾರಿಗೆ ಗುರುವಾರ ಒಂದು ವರ್ಷ ತುಂಬಿತು. ಮೂರು ಹೆಜ್ಜೆ ಇಟ್ಟಳು, ನನ್ನ ಕಡೆಗೆ. ಡಾಕ್ಟರಲ್ಲಿಗೂ ಹೋಗಿ ಬಂದೆವು. ಒಂದು ವರ್ಷಕ್ಕೆ ರಕ್ತ ಪರೀಕ್ಷೆ ಮಾಡಲೇಬೇಕಂತೆ. ನನ್ನನ್ನು ಒಳಗೆ ಬಿಡಲಿಲ್ಲ, ಕಾರಿನಲ್ಲಿ ಕೂತಿದ್ದೆ. ಅಲ್ಲಿಗೇ ಅವಳ ಅಳು ಕೇಳಿಸಿತು.

ಅಮ್ಮಿ ಫೋನು ಮಾಡಿದ್ದಳಂತೆ, ತಂಗಿಗೆ ಐದು ತಿಂಗಳಂತೆ. ತಿರುಗಿ ಮಾಡಲು ಮರೆತೆ.

ಡಿಸೆಂಬರ್ 3, ಬುಧವಾರ

ಡಾಕ್ಟರಿಂದ ಫೋನು ಬಂತು. ಮಗುವಿನ ರಕ್ತದಲ್ಲಿ ಸೀಸ ಇದೆಯಂತೆ. ಹತ್ತರ ಒಳಗಿರಬೇಕಾದ್ದು ಇಪ್ಪತ್ತೆರಡು. ಸೀಸ ಮೈಗೆ ಸೇರಿದರೆ ಮಗುವಿನ ಮಿದುಳು ಬೆಳೆಯುವುದಿಲ್ಲ, ಮಾತು ತಡವಾಗುತ್ತದೆ ಎಂದು ಒವೈಸ್ ಭಾಯ್ ಕಂಪ್ಯೂಟರಿನಲ್ಲಿ ಓದಿ ಓದಿ ಹೇಳಿದರು. 

ಆಪಾ ಮನೆಯೆಲ್ಲ ಕಣ್ಣಾಡಿಸಿದರು. ಕಣ್ಣು ಬಂದು ನಿಂತದ್ದು ಗಿಲಕಿಯ ಮೇಲೆ.

"ಆಟಿಕೆ ಬಣ್ಣದಲ್ಲೇ ಸೀಸ ಇರೋದು. ಹೋದ ವರ್ಷ ಇಲ್ಲಿ ಎಷ್ಟು ಆಟಿಕೆ ವಾಪಸ್ ತಗೊಂಡ್ರು ಗೊತ್ತಾ? ಅದನ್ನೇ ನೀನು ಮೂರು ಹೊತ್ತೂ ಬಾಯಿಗೆ ಕೊಡ್ತಿದ್ದೆ."

"ಆಪಾ, ಅದು ಅರಗು. ಅರಿಶಿನ. ನಾವೆಲ್ಲ ಅದನ್ನೇ ಚೀಪಿ ಬೆಳೆದಿದ್ದು."

"ಅದಕ್ಕೇ ಹೀಗಿದ್ದೀರ" ಎಂದರು.

ಒವೈಸ್ ಭಾಯ್ "ಉಝ್ಮಾ!" ಎಂದರು. ಅಷ್ಟೇ ಅಂದರು. ಅವರು ಈಚೆಗೆ ಆಪಾಗೆ ಒಂದು ಮಾತಿಗಿಂತ ಹೆಚ್ಚು ಎದುರಾಡುವುದಿಲ್ಲ.

ಡಿಸೆಂಬರ್ 11, ಗುರುವಾರ

ಕೌಂಟಿಯ ಆರೋಗ್ಯ ಕಚೇರಿಯಿಂದ ನರ್ಸು ಬಂದು ಮನೆಯೆಲ್ಲ ಪರೀಕ್ಷೆ ಮಾಡುವ ದಿನ. ವಿಸಿಟರ್ ವೀಸಾದವಳು ಮಗು ನೋಡಿಕೊಳ್ಳುತ್ತಾಳೆ ಎಂದು ಗೊತ್ತಾದರೆ ಎಲ್ಲರಿಗೂ ಕಷ್ಟ ಎಂದು ನನ್ನನ್ನು ಬೆಳಿಗ್ಗೆಯೇ ಹೊರಗೆ ಹಾಕಿದರು. ನನ್ನ ಹಾಸಿಗೆ, ಚಪ್ಪಲಿ, ಟೂತ್‌ಬ್ರಷ್ಷು ಎಲ್ಲ ಕಾರಿನ ಡಿಕ್ಕಿಯೊಳಗೆ. ಕೊಲೆ ಮಾಡಿದವರೂ ಇಷ್ಟು ಚೊಕ್ಕವಾಗಿ ಗುರುತು ಅಳಿಸುವುದಿಲ್ಲ.

ಮೇಲಿನ ಮನೆಯ ಸುಧಾಮಣಿ ಆಂಟಿ ನನ್ನನ್ನು ಐಸೆಲಿನ್‌ಗೆ ಕರೆದುಕೊಂಡು ಹೋದರು. ಮಂಡ್ಯದವರು. ಮಗ ಸೊಸೆ ಕೆಲಸಕ್ಕೆ ಹೋದಮೇಲೆ ಮೊಮ್ಮಗನನ್ನು ನೋಡಿಕೊಳ್ಳುತ್ತಾರೆ. ಅರವತ್ತಕ್ಕೆ ಕಾರು ಕಲಿತು ಈಗ ಯಾರ ಮಾತೂ ಕೇಳುವುದಿಲ್ಲ. ಓಕ್ ಟ್ರೀ ರಸ್ತೆಯಲ್ಲಿ ಸೀರೆ ಅಂಗಡಿಗಳ ಬಾಗಿಲಿಗೆಲ್ಲ 'ಸೇಲ್' ಎಂದು ಬರೆದಿತ್ತು, ಒಳಗೆ ಮಾರುವವರು ಬಿಟ್ಟರೆ ಯಾರೂ ಇರಲಿಲ್ಲ. ಆಂಟಿ ದೋಸೆ ಕೊಡಿಸಿದರು. "ಮನೆಮಗಳು ಅಂತಾರಲ್ಲ, ಮನೆಗೆ ಯಾರಾದ್ರೂ ಬಂದ್ರೆ ಮಗಳನ್ನ ಯಾರಮ್ಮ ಹಿಂಗೆ ಬಚ್ಚಿಡ್ತಾರೆ?" ಎಂದರು. 

ವಾಪಸು ಬಂದಾಗ ಗಿಲಕಿ ಇರಲಿಲ್ಲ. ಆಪಾ ತಾವೇ ಅದನ್ನು ಪ್ಲಾಸ್ಟಿಕ್ ಚೀಲಕ್ಕೆ ಹಾಕಿ ನರ್ಸಿನ ಕೈಗೆ ಕೊಟ್ಟರಂತೆ. ಅಕ್ಸಾ ಅದು ಬೇಕೆಂದು ಸಂಜೆಯೆಲ್ಲ ಅತ್ತಳು.

ಡಿಸೆಂಬರ್ 20, ಶನಿವಾರ

ಹಿಮ. ನನ್ನ ಮಗು ಊಟ ಬಿಟ್ಟಿದೆ. ನನ್ನ ಕೈಯಲ್ಲೂ ತಿನ್ನುತ್ತಿಲ್ಲ. ಹೊಟ್ಟೆ ಹಿಡಿದು ಅಳುತ್ತಾಳೆ. ಮಸೀದಿಯಲ್ಲಿ ಅಷ್ಟೊಂದು ಜನ ಹೊಗಳಿದ್ದೇ ತಪ್ಪಾಯಿತು. ಯಾರದೋ ಕಣ್ಣು ಬಿದ್ದಿದೆ. ಖಾಲಾರೂ ಅದನ್ನೇ ಹೇಳಿದರು. ಅವರು ಹೇಳದಿದ್ದರೂ ನಾನು ಮಾಡುವವಳೇ ಇದ್ದೆ. ನಾಲ್ಕು ದಿನದಿಂದ ಎರಡು ಹೊತ್ತೂ ಸುರ್ಮಾ ಹಚ್ಚುತ್ತಿದ್ದೇನೆ, ಅಂಗಾಲಿಗೂ ಒಂದು ಚುಕ್ಕೆ.

ಅಬ್ಬಾಗೆ ಏನೆಂದು ಬರೆಯಲಿ? ನಿಮ್ಮ ಗಿಲಕಿ ವಿಷವಂತೆ ಎಂದೇ? ನಲವತ್ತು ವರ್ಷ ಆಟಿಕೆ ಕಡೆಯುತ್ತ ಲೇತಿನ ಮುಂದೆ ಕೂತ ಮನುಷ್ಯ.

2009 ಜನವರಿ 6, ಮಂಗಳವಾರ

ಗಿಲಕಿಯಲ್ಲಿ ಸೀಸ ಇಲ್ಲ!

ಕೌಂಟಿಯ ಕಾಗದ ಫ್ರಿಜ್ಜಿನ ಮೇಲಿತ್ತು. ನನಗೆ ಯಾರೂ ಹೇಳಿರಲಿಲ್ಲ. ಡಿಕ್ಷನರಿ ಹಿಡಿದು ಮೂರು ಸಲ ಓದಿದೆ. ಮರದ ಆಟಿಕೆ, ಇಲ್ಲ. ಗೋಡೆ, ಇಲ್ಲ. ಕಿಟಕಿ, ಇಲ್ಲ. ಕುಡಿಯುವ ನೀರು, ಇಲ್ಲ. ಅಡುಗೆಮನೆಯಲ್ಲಿ ಒಬ್ಬಳೇ ಕುಣಿದೆ. ಅಕ್ಸಾ ನನ್ನ ಕುಣಿತ ನೋಡಿ ಎಷ್ಟೋ ದಿನದ ಮೇಲೆ ನಕ್ಕಳು. ಆ ಖುಷಿಗೆ ಅವಳಿಗೆ ಹೊಸ ಫ್ರಾಕು ಹಾಕಿ, ತಲೆ ಬಾಚಿ, ಸುರ್ಮಾ ಹಚ್ಚಿ ಕಿಟಕಿಯಲ್ಲಿ ಕೂರಿಸಿದೆ.

ಆಪಾ ಬಂದಾಗ ಕಾಗದ ಮುಂದೆ ಹಿಡಿದೆ. ಅವರು ಅದನ್ನು ನೋಡಲಿಲ್ಲ. "ಎರಡನೇ ಟೆಸ್ಟ್ ಬಂತು. ಇಪ್ಪತ್ತೇಳು" ಎಂದು ಕೋಟೂ ತೆಗೆಯದೆ ನೆಲದ ಮೇಲೆ ಕುಸಿದು ಅತ್ತರು. ಆಗ ಮಾತ್ರ ಅವರು ನನಗೆ ಮಗುವಿನ ತಾಯಿಯಂತೆ ಕಂಡರು. ಗಿಲಕಿ ಹೋದಮೇಲೂ ಏರಿದೆ. ಹಾಗಾದರೆ ಎಲ್ಲಿಂದ?

ಜನವರಿ 9, ಶುಕ್ರವಾರ

ಬಟ್ಟೆ ಒಗೆಯುವ ಕೋಣೆಯಲ್ಲಿ ಸುಧಾಮಣಿ ಆಂಟಿ ಅಕ್ಸಾಳ ಗಲ್ಲ ಹಿಡಿದು ನೋಡಿದರು.

"ಇದೇನಮ್ಮ ಕಣ್ಣಿಗೆ? ನಾನು ನಮ್ಮ ಹುಡುಗನಿಗೆ ಊರಿಂದ ಕಾಡಿಗೆ ಡಬ್ಬಿ ತಂದಿದ್ದೆ. ಡಾಕ್ಟರು ಮೊದಲು ಅದನ್ನ ಕಸಕ್ಕೆ ಹಾಕು ಅಂದ್ರು. ಅದರಲ್ಲೂ ಸೀಸ ಇರುತ್ತಂತೆ."

"ನಿಮ್ಮ ಕಾಡಿಗೆಯಲ್ಲಿರಬಹುದು ಆಂಟಿ. ಇದು ಮದೀನಾದ ಸುರ್ಮಾ" ಎಂದೆ, ಬಿರುಸಾಗಿಯೇ. ನಮ್ಮದು ಅಂದರೆ ಎಲ್ಲರಿಗೂ ಅನುಮಾನ.

ಮೇಲೆ ಬಂದು ಒವೈಸ್ ಭಾಯ್‌ಗೆ ಕೇಳಿದೆ. ಅವರು ಕಂಪ್ಯೂಟರಿನಿಂದ ತಲೆ ಎತ್ತದೆ ಹೇಳಿದರು: "ಆ ನರ್ಸೂ ಕೇಳಿದ್ಲು, ಕಣ್ಣಿಗೆ ಏನಾದ್ರೂ ಹಚ್ತೀರಾ ಅಂತ. ಉಝ್ಮಾ ಇಲ್ಲ ಅಂದ್ಲು. ತನ್ನ ಅಮ್ಮಿ ತಂದಿದ್ದು, ಪವಿತ್ರವಾದದ್ದು, ಅದನ್ನ ಅವರ ಕೈಗೆ ಯಾಕೆ ಕೊಡೋದು ಅಂತ ಪರ್ಸಿನಲ್ಲಿ ಇಟ್ಕೊಂಡಿದ್ಲು."

ಈ ಪುಸ್ತಕ ಹೊರತೆಗೆದೆ.

ಆಗಸ್ಟ್ 31ರ ಪುಟ ತೆಗೆದು ಓದಿದೆ. 'ಉಜ್ಜಿ, ಆಮೇಲೆ ಬೆರಳು ಬಾಯಿಗೆ.' ನಾನೇ ಬರೆದದ್ದು. ಡಿಸೆಂಬರ್ 20. 'ಎರಡು ಹೊತ್ತೂ.' ನಾನೇ ಮಾಡಿದ್ದು.

ಜನವರಿ 16, ಶುಕ್ರವಾರ

ಒಂದು ವಾರದಿಂದ ಹಚ್ಚುತ್ತಿಲ್ಲ. ಬಾಟಲಿಯನ್ನು ಅಕ್ಕಿ ಡಬ್ಬದಲ್ಲಿ ಹೂತಿದ್ದೆ. ಬಿಸಾಡಿ ಸುಮ್ಮನಿದ್ದುಬಿಡಬಹುದಿತ್ತು. ಅಬ್ಬಾರ ಹೆಸರು ಉಳಿಯಿತು, ನನ್ನ ಹೆಸರೂ ಉಳಿಯುತ್ತಿತ್ತು. ಸುಳ್ಳೇಕೆ, ಎರಡು ದಿನ ಹಾಗೆಯೇ ಯೋಚಿಸಿದೆ.

ಇವತ್ತು ಆಪಾ ರಜೆ ಹಾಕಿ ಮನೆಯಲ್ಲಿದ್ದರು. "ಜುಮ್ಮಾ ದಿನ ಮಗು ಕಣ್ಣು ಹೀಗಾ? ಸುರ್ಮಾ ಎಲ್ಲಿ?" ಎಂದರು. ಹೇಳಿದೆ. ಎಲ್ಲ ಹೇಳಿದೆ. ಅವರ ಕಾಲು ಹಿಡಿಯುವುದೊಂದು ಬಾಕಿ.

"ಮದೀನಾದ್ದನ್ನ ವಿಷ ಅಂತೀಯಾ? ನಿಮ್ಮಪ್ಪನ ಗೊಂಬೆ ಮಾತ್ರ ಅಮೃತಾನಾ?"

"ಕೊಟ್ಟು ಪರೀಕ್ಷೆ ಮಾಡಿಸಿ ಆಪಾ, ಒಂದು ಸಲ."

"ಮಾಡಿಸಿ? ಯಾರು ಹಚ್ಚಿದ್ದು ಅಂತ ಕೇಳ್ತಾರೆ. ನೀನು ಅಂತ ಹೇಳ್ಲಾ? ನೀನು ಇಲ್ಲಿ ಏನು ಮಾಡ್ತಿದ್ದೀಯ ಅಂತ ಕೇಳ್ತಾರೆ. ನನ್ನ ಕೆಲಸ, ನನ್ನ ಗ್ರೀನ್ ಕಾರ್ಡಿನ ಫೈಲು, ಎಲ್ಲ ಹೋಗುತ್ತೆ!"  ಅವರ ಮಾತಿನಲ್ಲಿ ಕೋಪಕ್ಕಿಂತ ಭಯವೇ ಹೆಚ್ಚಿತ್ತು, ನನಗೆ ಕಂಡಿತು. ಆದರೂ ಅಕ್ಕಿ ಡಬ್ಬ ಬಗೆದರು, ಬಾಟಲಿ ಸಿಕ್ಕಿತು, ಮಗುವನ್ನು ತೊಡೆಯಲ್ಲಿ ಅದುಮಿ ತಾವೇ ಹಚ್ಚಿದರು. ಅಕ್ಸಾ ಮುಖ ಎತ್ತಿ ಕೊಟ್ಟಳು, ಉಸಿರು ಬಿಗಿಹಿಡಿದು. ನಾನು ಕಲಿಸಿದ್ದು.

ಜನವರಿ 21, ಬುಧವಾರ

ಕೊಟ್ಟುಬಂದೆ.

ಆಪಾ ಆಫೀಸಿಗೆ ಹೋದಮೇಲೆ ಬಾಟಲಿ ತೆಗೆದುಕೊಂಡೆ. ಅಕ್ಸಾಳನ್ನು ಒವೈಸ್ ಭಾಯ್ ಕೈಗೆ ಕೊಟ್ಟೆ. ಅವರಿಗೆ ಗೊತ್ತಾಯಿತು ಎಂದು ನನಗೆ ಗೊತ್ತು. "ಹೊರಗೆ ಜಾರುತ್ತೆ, ಹುಷಾರು" ಎಂದು ಮಾತ್ರ ಹೇಳಿದರು. ಸುಧಾಮಣಿ ಆಂಟಿ ಕಾರು ತೆಗೆದರು.

ಕೌಂಟಿ ಕಚೇರಿಯ ನರ್ಸು ದೊಡ್ಡ ಮೈಯ ಹೆಂಗಸು. ನಿಧಾನವಾಗಿ ಮಾತಾಡಿದಳು, ಆಂಟಿ ಕನ್ನಡದಲ್ಲಿ ಹೇಳಿದರು. ಬಾಟಲಿಯನ್ನು ಸೀಸ ಅಳೆಯುವ ಬಂದೂಕಿನಂಥ ಯಂತ್ರದ ಮುಂದೆ ಇಟ್ಟಳು. ಯಂತ್ರದ ಮೇಲೆ ಮೂಡಿದ ಅಂಕಿ ನೋಡಿದಳು. ಆಮೇಲೆ ಕೈಗೆ ಗ್ಲೌಸು ಹಾಕಿಕೊಂಡಳು. ಐದು ತಿಂಗಳು ನಾನು ಬರಿಗೈಯಲ್ಲಿ ಹಿಡಿದದ್ದು.

"ಯಾರು ಹಚ್ತಿದ್ದಿದ್ದು ಅಂತ ಕೇಳ್ತಾಳೆ ಕಣಮ್ಮ" ಎಂದರು ಆಂಟಿ. "ಅಜ್ಜಿ ಅಂತ ಹೇಳಿಬಿಡ್ಲಾ?"

"ಐ" ಎಂದೆ, ನಾನೇ, ಇಂಗ್ಲಿಷಿನಲ್ಲಿ. "ಓನ್ಲಿ ಐ."

ಬರೆದುಕೊಂಡಳು. ಮಗುವಿಗೆ ನೀನು ಏನಾಗಬೇಕು ಎಂದು ಕೇಳಿದಳು. ಅದಕ್ಕೂ ಒಂದು ಖಾನೆ ಇತ್ತು. ಏನು ಹೇಳಲಿ? ಆ ಖಾನೆ ಖಾಲಿ ಬಿಟ್ಟಳು. ಬರುವಾಗ ಗಿಲಕಿಯನ್ನು ಚೀಲದ ಸಮೇತ ನನ್ನ ಕೈಗೆ ಕೊಟ್ಟಳು. ಅದರ ಮೇಲೊಂದು ನಂಬರು ಬರೆದಿತ್ತು.

ಫೆಬ್ರವರಿ 7, ಶನಿವಾರ

ಇವತ್ತು ಊರಿಗೆ ವಿಮಾನ. ಟಿಕೆಟು ಆಪಾ ತೆಗೆಸಿದ್ದು. ಯಾರೂ ಪೊಲೀಸರನ್ನು ಕಳಿಸಲಿಲ್ಲ, ಯಾರ ಫೈಲೂ ಹೋಗಲಿಲ್ಲ. ನರ್ಸು ವೀಸಾದ ಮಾತೇ ಎತ್ತಲಿಲ್ಲವಂತೆ. ಸುರ್ಮಾ ನಿಲ್ಲಿಸಿ, ಹಾಲು ಕೊಡಿ, ಮತ್ತೆ ಪರೀಕ್ಷೆ ಮಾಡಿಸಿ ಎಂದಳಂತೆ. ಆಪಾ ನನ್ನೊಂದಿಗೆ ಮಾತು ಬಿಟ್ಟು ಹದಿನೇಳು ದಿನ. ಮಗುವನ್ನು ಮುಟ್ಟಲು ಬಿಟ್ಟಿಲ್ಲ. ಅಕ್ಸಾ ಬಾಗಿಲಾಚೆ ನಿಂತು "ಜಿಯಾ, ಜಿಯಾ" ಎನ್ನುತ್ತಿದ್ದಳು. ರಝಿಯಾ ಅನ್ನಲು ಬರುವುದಿಲ್ಲ. ಅವಳ ಮೊದಲ ಮಾತು ಅದು. ಮಿದುಳು ಚೆನ್ನಾಗಿಯೇ ಇದೆ, ಮಾತು ಬಂದಿದೆ ಎಂದು ಇತ್ತ ನಾನು ಕೂತು ಅತ್ತೆ.

ಪಾಸ್‌ಪೋರ್ಟು ಮೇಜಿನ ಮೇಲೆ ಇಟ್ಟಿದ್ದರು. ಗಿಲಕಿ ಅವಳ ತೊಟ್ಟಿಲಲ್ಲಿ ಬಿಟ್ಟೆ. ಬೂಟು ಹಾಕಿಕೊಳ್ಳುವಷ್ಟರಲ್ಲಿ ಆಪಾ ಅದನ್ನು ತಂದು ನನ್ನ ಬ್ಯಾಗಿನ ಮೇಲಿಟ್ಟರು.

ಮಾರ್ಚ್ 29, ಭಾನುವಾರ, ಚನ್ನಪಟ್ಟಣ

ತಂಗಿಗೆ ಹೋದ ವಾರ ಗಂಡು ಮಗುವಾಗಿದೆ. ಇವತ್ತು ನೋಡಲು ಮೈಸೂರಿನಿಂದ ಖಾಲಾ ಬಂದರು, ಒಂದು ಡಬ್ಬ ಮೈಸೂರು ಪಾಕು ಹಿಡಿದು. ಸಿಹಿ ಅಕ್ಸಾಳ ಹೆಸರಿನಲ್ಲಿ. ಸೀಸ ಹನ್ನೊಂದಕ್ಕೆ ಇಳಿದಿದೆಯಂತೆ.

ಹನ್ನೊಂದು! ಒಳಗೆ ಹೋಗಿ ಗೋಡೆಗೆ ಹಣೆ ಒತ್ತಿ ನಿಂತೆ. ಹೊರಗೆ ಖಾಲಾ ಅಮ್ಮಿಗೆ ಹೇಳುತ್ತಿದ್ದರು: "ನಿನ್ನ ಮಗಳು ಆ ಮನೆ ಬಿಟ್ಟಿದ್ದೇ ಬಿಟ್ಟಿದ್ದು, ನೋಡು, ಮಗು ಸರಿಯಾಯ್ತು. ಕೈಗುಣ ಅಂತ ನಾನೇ ಹೊಗಳಿದ್ದೆ. ನನ್ನ ಕಣ್ಣೇ ಮೋಸ ಹೋಯ್ತು."

 ಅಬ್ಬಾ ಲೇತು ನಿಲ್ಲಿಸಿದರು, ಮತ್ತೆ ಶುರು ಮಾಡಿದರು. ಗಿಲಕಿಯನ್ನು ನೋಡಿದ ದಿನ "ಮಗು ಆಡಿತಾ?" ಎಂದು ಕೇಳಿದ್ದರು. ಹಲ್ಲಿನ ಗುರುತು ತೋರಿಸಿದ್ದೆ.

ಹೊರಗೆ ಬಂದಾಗ ಖಾಲಾ ಪರ್ಸಿನಿಂದ ಹೊಸ ಬಾಟಲಿ ತೆಗೆಯುತ್ತಿದ್ದರು. ಅದೇ ಆಕಾರ, ಅದೇ ಕಡ್ಡಿ. "ನನ್ನ ಹತ್ರ ಇನ್ನೊಂದಿತ್ತು. ಇವಳ ಕೈಗೆ ಮಾತ್ರ ಕೊಡಬೇಡ. ನೀನೇ ಹಚ್ಚು" ಎಂದರು. ಅಮ್ಮಿ ಕಡ್ಡಿ ಅದ್ದಿದಳು. ತಂಗಿ ಮಗುವಿನ ತಲೆ ಹಿಡಿದಳು.

"ಅಮ್ಮಿ, ಬೇಡ. ಅದರಲ್ಲಿ ಸೀಸ ಇದೆ."

"ಸುಮ್ನಿರೇ. ನಿನಗೆ ಹಚ್ಚಿಲ್ವಾ ನಾನು?"

ಎರಡನೇ ಸಲ ಹೇಳಲಿಲ್ಲ. ಬಾಟಲಿ ಕಿತ್ತುಕೊಂಡು ಬಚ್ಚಲಿಗೆ ಹೋಗಿ ಮೋರಿಗೆ ಸುರಿದೆ. ಕಡ್ಡಿ ಮುರಿದೆ. ತಂಗಿ ಚೀರಿದಳು. ಖಾಲಾ ಎದ್ದು ನಿಂತು, "ನೋಡಿದ್ರಾ? ನಾನು ಹೇಳಿದ್ದು ಇದೇ ಕೈ" ಎಂದರು.

ಬೆರಳೆಲ್ಲ ಕಪ್ಪಾಗಿತ್ತು. ಸೋಪು ಹಾಕಿ ಮೂರು ಸಲ ತೊಳೆದು, ಒರೆಸಿಕೊಂಡು, ಒಳಗೆ ಬಂದೆ. ಮಗು ಅಳುತ್ತಿತ್ತು. ಸಮಾಧಾನ ಮಾಡಲು ಕೈ ಚಾಚಿದೆ. ತಂಗಿ ಅದನ್ನು ಎದೆಗೆ ಅವಚಿಕೊಂಡು ಗೋಡೆಯ ಕಡೆ ತಿರುಗಿದಳು.